ಮೈಕ್ ಪೆಟ್ಟಿಗೆ ಬಿಚ್ಚದ ಸಂಜೆ

ಮೇ ತಿಂಗಳ ಎರಡನೇ ಶನಿವಾರ. ಗಂಜ್ ಹತ್ತಿರದ ಒಂದು ಮದುವೆ ಮುಗಿಸಿ ವೈರು ಸುತ್ತುತ್ತಿದ್ದೆ, ಅಕ್ಕೋರ ಫೋನು ಬಂತು.

“ತಮ್ಮಾ, ಸಂಜೀಕ ಒಂದು ಸಣ್ಣ ಸೆಟ್ ತಗೊಂಡು ಬಾ. ದೊಡ್ಡದ್ ಬ್ಯಾಡ. ಗವಾಯಿಗಳು ಬರಾಕತ್ತಾರ. ಈ ಸಲ ಮಂದಿ ಜಾಸ್ತಿ ಆಗ್ಯಾರ, ಹಿಂದ ಕುಂತವ್ರಿಗೆ ಕೇಳಬೇಕಲ್ಲ.”

ರಾಯಚೂರಿನಲ್ಲಿ ನನ್ನದು ಮೈಕ್ ಸೆಟ್ ಅಂಗಡಿ. ಇಪ್ಪತ್ತೆರಡು ವರ್ಷವಾಯಿತು. ಮದುವೆ, ಜಾತ್ರೆ, ಉರುಸು, ಪುರಾಣ, ಚುನಾವಣೆ ಸಭೆ, ಗಣಪತಿ: ಎಲ್ಲಿ ದನಿ ದೊಡ್ಡದಾಗಬೇಕೋ ಅಲ್ಲೆಲ್ಲ ನಾನಿರುತ್ತೇನೆ. ಪಂಡಿತ ಸಿದ್ಧರಾಮ ಜಂಬಲದಿನ್ನಿ ರಂಗಮಂದಿರದ ವೇದಿಕೆಯ ಪ್ಲಗ್ ಪಾಯಿಂಟುಗಳು ಕತ್ತಲಲ್ಲೂ ನನ್ನ ಕೈಗೆ ಸಿಗುತ್ತವೆ. ಅಕ್ಕೋರು ಆರನೇ ಇಯತ್ತೆಯಲ್ಲಿ ನನಗೆ ಕನ್ನಡ ಕಲಿಸಿದವರು. ಅವರು ಕರೆದರೆ ಬಾಡಿಗೆ ಎಷ್ಟು ಎಂಬ ಮಾತು ಬಾಯಿಗೇ ಬರುವುದಿಲ್ಲ. ಎರಡು ಸಣ್ಣ ಬಾಕ್ಸು, ಎಂಟು ಚಾನೆಲ್ಲಿನ ಮಿಕ್ಸರು, ನಾಲ್ಕು ಮೈಕು, ಸ್ಟ್ಯಾಂಡು ಎಲ್ಲ ಆಟೋಕ್ಕೆ ಹಾಕಿ, ಜತೆಗೆ ನನ್ನ ಹುಡುಗನನ್ನೂ ಕರೆದುಕೊಂಡು ಐದೂವರೆಗೆ ಹೊರಟೆ.

ಅಕ್ಕೋರ ಬೈಠಕ್, ಅಂದರೆ ಕೂತು ಹಾಡು ಕೇಳುವ ಸಣ್ಣ ಕೂಟ, ನಡೆಯುವುದು ತೀನ್ ಕಂದೀಲ್ ಹಿಂದಿನ ಒಂದು ಗಲ್ಲಿಯಲ್ಲಿ, ಹಳೆಯ ಅಡತಿ ಅಂಗಡಿಯ ಮಹಡಿ ಮೇಲೆ. ಶನಿವಾರ ಸಂಜೆ ಆ ಕಡೆ ಹೋದವರಿಗೆ ಗೊತ್ತು. ಬಟ್ಟೆ ಅಂಗಡಿಗಳ ಬಾಗಿಲಲ್ಲಿ ಒಂದೊಂದು ಸ್ಪೀಕರು, ಮೊಬೈಲ್ ಅಂಗಡಿಯವರದು ಇನ್ನೊಂದು, ಮಿರ್ಚಿ ಬಂಡಿಯ ಎಣ್ಣೆಯ ಚುರ್ರ್ ಸದ್ದು, ಹಾರ್ನು, ಬಂಡಿಗೆ ಕಟ್ಟಿದ ಹಾರ್ನಿನಲ್ಲಿ ಒಂದೇ ಸಮ ಕೂಗುವ ಮಾವಿನಹಣ್ಣಿನ ದರ. ಊರಿನ ಮಂದಿ ಸಂಜೆ ಕಾಲ ಕಳೆಯಲು ಬರುವ ಜಾಗ ಅದು. ತಿನ್ನುವುದು, ತಿರುಗುವುದು, ಹೊಸ ಬಟ್ಟೆ ನೋಡುವುದು, ಸಿನಿಮಾಕ್ಕೆ ಹೋಗುವುದು ಎಲ್ಲ ಆ ಸುತ್ತಿನಲ್ಲೇ. ಅಲ್ಲೊಂದು ಸಂಗೀತದ ಖೋಲಿ ಇದೆ ಎಂದರೆ ಹತ್ತು ಹೆಜ್ಜೆ ದೂರದ ಅಂಗಡಿಯವರೂ ನಂಬುವುದಿಲ್ಲ. ಬೋರ್ಡಿಲ್ಲ. ಮೆಟ್ಟಿಲ ಕೆಳಗೆ ಚಪ್ಪಲಿ ಗುಂಪು ಕಂಡರೆ ಬೈಠಕ್ ಇದೆ, ಕಾಣದಿದ್ದರೆ ಇಲ್ಲ.

ಹದಿನಾರು ಅಡಿ ಅಗಲ, ಇಪ್ಪತ್ತಾರು ಅಡಿ ಉದ್ದದ ಖೋಲಿ. ಒಂದು ಕಾಲಕ್ಕೆ ಹತ್ತಿಯ ಸ್ಯಾಂಪಲ್ ಬಿಚ್ಚಿ, ಎಳೆ ಎಳೆದು ದರ ಹಚ್ಚುತ್ತಿದ್ದ ಜಾಗವಂತೆ. ಕಲ್ಲು ಗೋಡೆ, ಮೇಲೆ ಕಟ್ಟಿಗೆ ತೊಲೆಯ ಮಣ್ಣಿನ ಮಾಳಿಗೆ, ಕೆಳಗೆ ಶಹಾಬಾದ್ ಪರಸಿ. ಪರಸಿಯ ಮೇಲೆ ಜಮಖಾನೆ, ಗೋಡೆಗುಂಟ ಹತ್ತಿಯ ಗಾದಿ, ಎರಡು ಕಿಟಕಿಗೆ ದಪ್ಪ ಪರದೆ. ಹೊಸ ಜಾಗಕ್ಕೆ ಹೋದಾಗ ನಾನು ಮೊದಲು ಮಾಡುವ ಕೆಲಸ ಒಂದೇ: ನಟ್ಟ ನಡುವೆ ನಿಂತು ಒಂದು ಚಪ್ಪಾಳೆ ಹೊಡೆಯುತ್ತೇನೆ. ಕಲ್ಯಾಣ ಮಂಟಪದಲ್ಲಿ ಹೊಡೆದರೆ ಆ ಚಪ್ಪಾಳೆ ಆರ್‌ಸಿಸಿ ಛತ್ತಿಗೆ ಬಡಿದು, ಟೈಲ್ಸಿಗೆ ಬಡಿದು ಠಣ್ ಠಣ್ ಎಂದು ಎರಡು ಮೂರು ಸೆಕೆಂಡು ಸುತ್ತುತ್ತಲೇ ಇರುತ್ತದೆ. ಇಲ್ಲಿ “ಟಪ್” ಎಂದಿತು, ಮುಗಿಯಿತು. ಆದರೆ ಸತ್ತ ದನಿಯಲ್ಲ. ಹಿಂದೆ ಒಂದು ಸಣ್ಣ ತುಂಬು ಉಳಿಯಿತು, ಒಳ್ಳೆಯ ಮಡಕೆಯನ್ನು ಬೆರಳಲ್ಲಿ ತಟ್ಟಿದ ಹಾಗೆ.

ಇನ್ನೊಂದು ಸಲ ಹೊಡೆದೆ. ಹುಡುಗನಿಗೆ ಹಿಂದಿನ ಗೋಡೆಗೆ ಒರಗಿ ಕೂರಲು ಹೇಳಿ, ಮುಂದೆ ಗವಾಯಿಗಳು ಕೂರುವ ಜಾಗದಿಂದ ಮೆಲ್ಲಗೆ, ಪಿಸುಮಾತಿಗಿಂತ ತುಸು ಮೇಲೆ, “ನಿಮ್ಮವ್ವಗ ಔಷಧ ತಗೊಂಡ್ಯೇನು?” ಎಂದು ಕೇಳಿದೆ. “ತಗೊಂಡ್ನಿ ಅಣ್ಣಾ” ಅಂದ. ಒಂದಕ್ಷರ ತಪ್ಪಿರಲಿಲ್ಲ.

ಇದಕ್ಕೆ ಲೆಕ್ಕವಿದೆ. ದನಿ ಸೆಕೆಂಡಿಗೆ ಸುಮಾರು 340 ಮೀಟರ್ ಓಡುತ್ತದೆ. ಇಪ್ಪತ್ತಾರು ಅಡಿ ಎಂದರೆ ಎಂಟು ಮೀಟರ್. ಹಿಂದಿನ ಗೋಡೆಗೆ ಬಡಿದು ಮರಳಲು ಹದಿನಾರು ಮೀಟರ್, ಸೆಕೆಂಡಿನ ಇಪ್ಪತ್ತನೇ ಒಂದು ಭಾಗಕ್ಕಿಂತ ತುಸು ಕಡಿಮೆ. ಅಷ್ಟು ಬೇಗ ಮರಳಿದ ದನಿಯನ್ನು ನಮ್ಮ ಕಿವಿ ಬೇರೆ ದನಿ ಎಂದು ಎಣಿಸುವುದಿಲ್ಲ. ಮೂಲದ ದನಿಗೇ ಕೂಡಿಸಿಕೊಂಡು, ಅದನ್ನೇ ತುಸು ಗಟ್ಟಿ ಮಾಡಿಕೊಳ್ಳುತ್ತದೆ. ಗೋಡೆ ಇನ್ನೂ ದೂರವಿದ್ದರೆ ಅದೇ ಮರುದನಿ ಮಾತಿನ ಮೇಲೆ ಮಾತು ಹೇರಿ ಎಲ್ಲವನ್ನೂ ಕಲಸುತ್ತದೆ. ಈ ಖೋಲಿಯ ಗೋಡೆ ಸಹಾಯ ಮಾಡುವಷ್ಟು ಹತ್ತಿರ ಇತ್ತು. ಬೇಡದ ಠಣತ್ಕಾರವನ್ನು ಮಣ್ಣಿನ ಮಾಳಿಗೆ ಮತ್ತು ಹತ್ತಿಯ ಗಾದಿ ಕುಡಿಯುತ್ತಿದ್ದವು. ಹತ್ತಿಯ ದರ ಹಚ್ಚಲು ಕಟ್ಟಿದವರಿಗೆ ತಾವು ಹಾಡಿನ ಮನೆ ಕಟ್ಟುತ್ತಿದ್ದೇವೆ ಎಂಬುದು ಗೊತ್ತಿರಲಿಲ್ಲ.

“ಅಣ್ಣಾ, ಪೆಟ್ಟಿಗಿ ಬಿಚ್ಚಲೇನು?” ಅಂದ ಹುಡುಗ.

“ಬ್ಯಾಡ” ಅಂದೆ.

ಅಕ್ಕೋರ ಮುಖ ಸಣ್ಣಗಾಯಿತು. “ಯಾಕ ತಮ್ಮಾ, ನಲವತ್ತು ಮಂದಿ ಬರ್ತಾರ.”

“ನಲವತ್ತು ಮಂದಿಗೆ ಈ ಖೋಲಿನೇ ಮೈಕ್ ರೀ ಅಕ್ಕೋರೆ. ನಾ ಹಿಂದ ಕುಂದರ್ತೀನಿ. ಕೇಳಲಿಲ್ಲಂದ್ರ ಹತ್ತು ನಿಮಿಷದಾಗ ಹಚ್ಚಿಕೊಡ್ತೀನಿ.”

ಹಾಗೆ ಹೇಳಲು ನನಗೆ ಇನ್ನೊಂದು ಕಾರಣವೂ ಇತ್ತು. ಅದನ್ನು ಇಲ್ಲಿ ಬರೆದೇ ಬಿಡುತ್ತೇನೆ. ಹನ್ನೆರಡು ವರ್ಷದ ಹಿಂದೆ ಒಂದು ಹಳ್ಳಿಯಲ್ಲಿ ರಾತ್ರಿ ಕಾರ್ಯಕ್ರಮ. ಎಪ್ಪತ್ತು ದಾಟಿದ ಒಬ್ಬ ಅಜ್ಜ ಏಕತಾರಿ ಹಿಡಿದು ತತ್ವಪದ ಹಾಡುತ್ತಿದ್ದರು. ಸಣ್ಣ ದನಿ, ಆದರೆ ಪ್ರತಿ ಮಾತೂ ಕಾಳು ಕಾಳಾಗಿ ಬೀಳುತ್ತಿತ್ತು. ನಡೆಸುವವರಿಗೆ ದನಿ ಮುಂದಿನ ಓಣಿಗೂ ಮುಟ್ಟಬೇಕಿತ್ತು. “ಏರಿಸು, ಏರಿಸು” ಎಂದು ನನ್ನ ಹಿಂದೆಯೇ ನಿಂತಿದ್ದರು. ಏರಿಸಿದೆ. ಬಾಕ್ಸಿನ ದನಿ ಮರಳಿ ಮೈಕಿಗೆ ಹೊಕ್ಕು ಕೀಯ್ ಎಂದು ಚೀರಿತು. ಇಳಿಸಿದೆ, ಮತ್ತೆ ಏರಿಸೆಂದರು, ಮತ್ತೆ ಚೀರಿತು. ಮೂರನೇ ಸಲ ಅಜ್ಜ ಎಡಗೈಯಿಂದ ಕಿವಿ ಮುಚ್ಚಿಕೊಂಡರು. ಏಕತಾರಿಯನ್ನು ಜಮಖಾನೆಯ ಮೇಲೆ ಇಟ್ಟು ಕೈಮುಗಿದು ಎದ್ದು ಹೋದರು. ಯಾರಿಗೂ ಏನೂ ಅನ್ನಲಿಲ್ಲ. ಮುಂದಿನ ವರ್ಷ ಆ ಕಡೆ ಹೋದಾಗ ವಿಚಾರಿಸಿದೆ, ತೀರಿಕೊಂಡಿದ್ದರು. ಹೇಳಿದವರು ಬೇರೆಯವರಿರಬಹುದು, ದನಿ ಏರಿಸಿ ಇಳಿಸುವ ಫೇಡರಿನ ಮೇಲಿದ್ದ ಬೆರಳು ನನ್ನದು. ಆ ಪದದ ಪಲ್ಲವಿ ಇವತ್ತಿಗೂ ನನಗೆ ಬಾಯಿಪಾಠ ಇದೆ.

ಆರೂವರೆ ಹೊತ್ತಿಗೆ ಮಂದಿ ಸೇರಿದರು. ಮೆಣಸಿನಕಾಯಿ ದಲಾಲಿಯ ಒಬ್ಬರು, ಶಕ್ತಿನಗರದ ವಿದ್ಯುತ್ ಕೇಂದ್ರದಲ್ಲಿ ಪಾಳಿ ಮುಗಿಸಿ ಬಂದ ಇಬ್ಬರು ಎಂಜಿನಿಯರು, ನರ್ಸಿಂಗ್ ಓದುವ ನಾಲ್ಕು ಹುಡುಗಿಯರು, ಒಬ್ಬ ಆಟೋ ಡ್ರೈವರು, ದರ್ಗಾದಲ್ಲಿ ಕವ್ವಾಲಿಗೆ ಢೋಲಕ್ ಬಾರಿಸುವ ಒಬ್ಬ ಯುವಕ. ಅಕ್ಕೋರು ಚೀಟಿ ಹರಿಯುವುದಿಲ್ಲ. ಬಾಗಿಲ ಬದಿಗೆ ಒಂದು ಹಿತ್ತಾಳೆ ಚರಿಗೆ ಇಟ್ಟಿರುತ್ತಾರೆ, ಆದವರು ಆದಷ್ಟು ಹಾಕಬೇಕು, ಅದೆಲ್ಲ ಹಾಡಿದವರಿಗೆ. ಈ ಬೈಠಕ್ ಶುರುವಾದ ಬಗೆಯನ್ನು ಅವರು ಆ ದಿನ ಹೇಳಿದರು. ಪಂಡಿತ ತಾರಾನಾಥರು ಹಮ್ದರ್ದ್ ಶಾಲೆ ಕಟ್ಟಿದ ಊರು ಇದು. ಅವರ ಮಗ ರಾಜೀವ ತಾರಾನಾಥರು ಅಲಿ ಅಕ್ಬರ್ ಖಾನರ ಕೈಯಲ್ಲಿ ಸರೋದ್ ಕಲಿತು ಜಗತ್ತಿಗೆ ಕೇಳಿಸಿದವರು. 2024ರ ಜೂನ್ 11ರಂದು ಅವರು ತೀರಿಕೊಂಡ ಸುದ್ದಿ ಬಂದಾಗ ಅಕ್ಕೋರು ಹತ್ತು ಮಂದಿಯನ್ನು ಈ ಖೋಲಿಗೆ ಕರೆದು ಅವರ ಧ್ವನಿಮುದ್ರಣ ಹಚ್ಚಿದರಂತೆ. ಮುಗಿದ ಮೇಲೆ ಯಾರೂ ಏಳಲಿಲ್ಲವಂತೆ. ಮುಂದಿನ ತಿಂಗಳಿಂದ ಎರಡನೇ ಶನಿವಾರ ಎಂದು ಗೊತ್ತಾಯಿತು.

ಗವಾಯಿಗಳು ಬಂದರು. ಐವತ್ತರ ಆಸುಪಾಸು, ಹುಟ್ಟಿನಿಂದ ಕಣ್ಣಿಲ್ಲ. ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ, ಪುಟ್ಟರಾಜ ಗವಾಯಿಗಳ ಕಾಲದಲ್ಲಿ ಕಲಿತವರು. ಈಗ ಲಿಂಗಸುಗೂರು ಕಡೆ ಮಕ್ಕಳಿಗೆ ಕಲಿಸುತ್ತಾರೆ. ತಬಲಾಕ್ಕೆ ಅವರ ಅಣ್ಣನ ಮಗ, ಹಾರ್ಮೋನಿಯಂಗೆ ಒಬ್ಬ ನಿವೃತ್ತ ಮಾಸ್ತರರು. ಮೊಬೈಲಿನ ತಂಬೂರಿ ಅಲ್ಲ, ನಿಜವಾದದ್ದು, ದೊಡ್ಡ ಬುರುಡೆಯದು.

ಶ್ರುತಿ ಕಪ್ಪು ಒಂದು, ಹಾರ್ಮೋನಿಯಂನ ಮೊದಲ ಕಪ್ಪು ಮನೆ. ತಂತಿ ಬಿಗಿಯುತ್ತಾ ಕುಳಿತರು. ನಡುವಿನ ಎರಡು ತಂತಿಯ ಷಡ್ಜ, ಅಂದರೆ ‘ಸ’, ಬೇಗ ಕೂಡಿದವು, ಕೆಳಗಿನ ಷಡ್ಜವೂ ಕೂಡಿತು. ಮೊದಲ ತಂತಿಯ ಪಂಚಮ, ಅಂದರೆ ‘ಪ’, ಮಾತ್ರ ಕೂಡುತ್ತಿಲ್ಲ. ಬಿಗಿಯುತ್ತಾರೆ, ಮೀಟುತ್ತಾರೆ, ತಲೆ ಆಡಿಸುತ್ತಾರೆ. ತಂತಿಯ ಕೆಳಗಿನ ಜೀವಾಳಿ ದಾರವನ್ನು ಕೂದಲೆಳೆಯಷ್ಟು ಸರಿಸುತ್ತಾರೆ, ಮತ್ತೆ ಮೀಟುತ್ತಾರೆ. ಐದು ನಿಮಿಷವಾಯಿತು. ಆಮೇಲೆ ಕೈ ನಿಲ್ಲಿಸಿ, ಮುಖ ಮೇಲೆತ್ತಿ ಅಂದರು:

“ಯಾರೋ ಪಂಚಮಕ್ಕ ಮುಟ್ಟಲಾರದ ಕೆಳಗ ನಿಂತು ಗುಂಯ್ ಅನ್ನಾಕತ್ತಾರಲ್ರಿ.”

ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿದರು. ನಾನು ಫ್ಯಾನು ನೋಡಿದೆ.

ಹಳೆಯ ಸೀಲಿಂಗ್ ಫ್ಯಾನು, ಗುಂಡಿ ತಿರುಗಿಸುವ ಎಲೆಕ್ಟ್ರಾನಿಕ್ ರೆಗ್ಯುಲೇಟರು, ಅರ್ಧಕ್ಕೆ ಇಟ್ಟಿದ್ದರು. ನಮ್ಮ ಮನೆಗೆ ಬರುವ ಕರೆಂಟು ಸೆಕೆಂಡಿಗೆ 50 ಸಲ ಹಿಂದು ಮುಂದು ಆಡುತ್ತದೆ. ಆ ಬಗೆಯ ರೆಗ್ಯುಲೇಟರು ಫ್ಯಾನನ್ನು ನಿಧಾನ ಮಾಡಲು ಪ್ರತಿ ಆಟದಲ್ಲೂ ಎರಡು ಸಲ ಕರೆಂಟಿಗೆ ಕತ್ತರಿ ಹಾಕುತ್ತದೆ. ಹಾಗಾಗಿ ಒಳಗಿನ ಸುರುಳಿ ಸೆಕೆಂಡಿಗೆ 100 ಸಲ ನಡುಗಿ ಗುಂಯ್ಗುಡುತ್ತದೆ. ದನಿಯ ಕಂಪನ ಎಣಿಸಿ ತೋರಿಸುವ ಆಪ್ ಫೋನಿನಲ್ಲಿದೆ, ತೆಗೆದು ನೋಡಿದೆ. 100ರ ಹತ್ತಿರ ಒಂದು ಗೆರೆ ಕಂಬದ ಹಾಗೆ ನಿಂತಿತ್ತು. ಕಪ್ಪು ಒಂದರ ಷಡ್ಜ ಸೆಕೆಂಡಿಗೆ ಹತ್ತಿರ ಹತ್ತಿರ 139 ಕಂಪನ, ಅದರ ಕೆಳಗಿನ ಪಂಚಮ 104. ಗವಾಯಿಗಳ ತಂತಿಗೂ ಫ್ಯಾನಿಗೂ ನಡುವೆ ಇದ್ದದ್ದು ನಾಲ್ಕೇ ನಾಲ್ಕು. ಅಷ್ಟು ಹತ್ತಿರದ ಎರಡು ದನಿ ಕೂಡಿದರೆ ಸೆಕೆಂಡಿಗೆ ನಾಲ್ಕು ಸಲ ಅಲೆ ಅಲೆಯಾಗಿ ಹೊಯ್ದಾಡುತ್ತವೆ. ಅವರು ಎಷ್ಟು ಸರಿಯಾಗಿ ಕೂಡಿಸಿದರೂ ಪಂಚಮ ನಡುಗಿದಂತೆಯೇ ಕೇಳುತ್ತಿತ್ತು. ಇಪ್ಪತ್ತೆರಡು ವರ್ಷ ದನಿಯ ಕೆಲಸ ಮಾಡಿದ ನನ್ನ ಕಿವಿಗೆ ಆ ಗುಂಯ್ ಬಿದ್ದೇ ಇರಲಿಲ್ಲ. ಅವರು ಅದು ಯಾವ ಸ್ವರದ ಕೆಳಗೆ ಎಂಬುದನ್ನೂ ಹೇಳಿದ್ದರು.

ಎದ್ದು ಫ್ಯಾನು ಆರಿಸಿದೆ. ರೆಕ್ಕೆ ನಿಧಾನಕ್ಕೆ ಸುತ್ತಿ ಸುತ್ತಿ ನಿಂತಿತು. ಗವಾಯಿಗಳು ಮೊದಲ ತಂತಿ ಮೀಟಿದರು.

ಖೋಲಿ ತುಂಬಿತು. ಬೇರೆ ಮಾತು ನನಗೆ ಗೊತ್ತಿಲ್ಲ. ತೊಲೆ, ಗೋಡೆ, ನಾನು ಒರಗಿದ್ದ ಗಾದಿ ಎಲ್ಲ ಆ ಒಂದು ತಂತಿಯ ದನಿಯಲ್ಲಿ ಇದ್ದವು. ಸರಿಯಾಗಿ ಕೂಡಿದ ತಂಬೂರಿಯಲ್ಲಿ ನಾಲ್ಕು ತಂತಿ ನಾಲ್ಕು ದನಿಯಾಗಿ ಕೇಳುವುದಿಲ್ಲ, ಒಳಗೆ ಯಾರೂ ಮೀಟದ ಗಾಂಧಾರವೂ, ಅಂದರೆ ‘ಗ’, ಸಣ್ಣಗೆ ಹುಟ್ಟುತ್ತದೆ. ಇದನ್ನು ಓದಿದ್ದೆ. ನೂರಾರು ಕಾರ್ಯಕ್ರಮದಲ್ಲಿ ತಂಬೂರಿಗೆ ನಾನೇ ಮೈಕ್ ಹಿಡಿದಿದ್ದೇನೆ. ಕೇಳಿದ್ದು ಆ ದಿನ.

ಪೂರಿಯಾ ಧನಾಶ್ರೀ ಹಿಡಿದರು. ಹೊತ್ತು ಮುಳುಗುವ ಸಮಯದ ರಾಗ. ಏಕತಾಲದ ವಿಲಂಬಿತ, ನಿಧಾನದ ನಡೆ. ನಾನು ಕಲಿತವನಲ್ಲ, ಕಿವಿಯಿಂದ ಬಲ್ಲವನು. ಕೋಮಲ ರಿಷಭದಿಂದ, ಅಂದರೆ ತಗ್ಗಿನ ‘ರಿ’ಯಿಂದ, ಷಡ್ಜಕ್ಕೆ ಇಳಿಯುವಾಗ ಅವರು ದನಿಯನ್ನು ಎಷ್ಟು ತಗ್ಗಿಸಿದರೆಂದರೆ ಮೈಕಿದ್ದಿದ್ದರೆ ನನ್ನ ಕೈ ತಾನಾಗಿ ಫೇಡರ್ ಮೇಲೆ ತಳ್ಳುತ್ತಿತ್ತು. ತಳ್ಳಿದ್ದರೆ ಅವರು ಇಳಿದದ್ದು ಯಾರಿಗೂ ಕೇಳುತ್ತಿರಲಿಲ್ಲ. ನಮ್ಮ ಕಸುಬಿನಲ್ಲಿ ಇದನ್ನು ಲೆವೆಲ್ ಮಾಡುವುದು ಅನ್ನುತ್ತೇವೆ. ಸಣ್ಣ ದನಿಯನ್ನು ಎತ್ತಿ, ದೊಡ್ಡದನ್ನು ತುಳಿದು, ಎಲ್ಲ ಒಂದೇ ಎತ್ತರಕ್ಕೆ ತರುವುದು. ಮೈದಾನದಲ್ಲಿ ಅದು ಬೇಕು. ಆದರೆ ಗವಾಯಿಗಳು ಮೂವತ್ತು ವರ್ಷ ಕೂತು ಸಾಧಿಸಿದ್ದೇ ಆ ಏರಿಳಿತ. ಅವರು ದನಿ ತಗ್ಗಿಸಿದಾಗ ನಲವತ್ತು ಮಂದಿ ಒಟ್ಟಿಗೆ ಮುಂದಕ್ಕೆ ಬಾಗಿದರು. ನರ್ಸಿಂಗ್ ಹುಡುಗಿಯೊಬ್ಬಳು ಕೈಬಳೆ ಸದ್ದಾಗದಂತೆ ಇನ್ನೊಂದು ಕೈಯಿಂದ ಹಿಡಿದುಕೊಂಡಿದ್ದಳು.

ಉಸಿರು ಕೇಳುತ್ತಿತ್ತು. ವೇಗದ ಸ್ವರಗಳ ತಾನ್ ಮುಗಿಸಿ ಸಮ್ಮಿಗೆ, ಅಂದರೆ ತಾಳದ ಮೊದಲ ಪೆಟ್ಟಿಗೆ, ಬರುವ ಮುಂಚೆ ಅವರು ಮೂಗಿನಿಂದ ಎಳೆದುಕೊಳ್ಳುವ ಸಣ್ಣ ಉಸಿರು. ಅದನ್ನು ಕೇಳಿಯೇ ತಬಲಾದ ಹುಡುಗ ತನ್ನ ಕೈ ಎತ್ತುತ್ತಿದ್ದ. ವೇದಿಕೆಯಲ್ಲಿ ನಾವು ಅವನ ಕಿವಿಯ ಬದಿಗೆ ಮಾನಿಟರ್ ಬಾಕ್ಸು ಇಟ್ಟು ಈ ಉಸಿರನ್ನು ಮುಚ್ಚಿಬಿಡುತ್ತೇವೆ.

ಮಾಸ್ತರರ ಹಾರ್ಮೋನಿಯಂ ಬಗ್ಗೆ ಒಂದು ಮಾತು. ಆಕಾಶವಾಣಿಯವರು 1940ರಲ್ಲಿ ಹಾರ್ಮೋನಿಯಂಗೆ ಬಾಗಿಲು ಹಾಕಿ, 1971ರವರೆಗೆ ತೆಗೆಯಲಿಲ್ಲ. ಅದರ ಮನೆಗಳು ಕೂಡಿಸಿಟ್ಟ ಮನೆಗಳು, ನಮ್ಮ ರಾಗದ ಸ್ವರ ಅವುಗಳ ನಡುವೆ ಎಲ್ಲೋ ನಿಲ್ಲುತ್ತದೆ, ಸ್ವರದಿಂದ ಸ್ವರಕ್ಕೆ ಜಾರುವ ಮೀಂಡ್ ಅದರಲ್ಲಿ ಬರುವುದಿಲ್ಲ ಎಂಬ ದೂರು ಇತ್ತು. ದೂರು ಸುಳ್ಳಲ್ಲ. ಆದರೆ ಮಾಸ್ತರರು ಏನು ಮಾಡಿದರು ನೋಡಿ: ಗವಾಯಿಗಳು ಒಂದು ಸ್ವರದ ಮೇಲೆ ಜಾರುತ್ತಾ ನಿಂತಾಗೆಲ್ಲ ಬೆರಳು ಎತ್ತಿ ಬರೀ ಭಾತೆ ಆಡಿಸುತ್ತಾ ಸುಮ್ಮನಿದ್ದರು. ಆ ಜಾಗದಲ್ಲಿ ತನ್ನ ವಾದ್ಯ ಒಪ್ಪುವುದಿಲ್ಲ ಎಂಬುದು ಅವರಿಗೆ ಗೊತ್ತಿತ್ತು. ಎಲ್ಲಿ ಬಾರಿಸಬಾರದು ಎಂದು ತಿಳಿದ ಸಾಥಿಯನ್ನು ನಾನು ಅಷ್ಟು ಹತ್ತಿರದಿಂದ ನೋಡಿರಲಿಲ್ಲ.

ಸೆಖೆ ಮಾತ್ರ ಹೇಳತೀರದು. ರಾಯಚೂರಿನ ಮೇ, ಫ್ಯಾನಿಲ್ಲ, ಕಿಟಕಿಗೆ ಪರದೆ. ಎಲ್ಲರ ಬೆನ್ನೂ ತೊಯ್ದಿತ್ತು. ತಬಲಾದ ಚರ್ಮ ಒಣಗಿ ಬಿಗಿದು ಶ್ರುತಿ ಮೇಲೇರುತ್ತಿತ್ತು, ಹುಡುಗ ಎರಡು ಸಲ ಸುತ್ತಿಗೆಯಿಂದ ಬದಿಯ ಕಟ್ಟಿಗೆ ಗಟ್ಟ ಮೇಲಕ್ಕೆ ತಟ್ಟಿ ಇಳಿಸಿಕೊಂಡ. ಯಾರೂ ಫ್ಯಾನು ಹಚ್ಚಿ ಎನ್ನಲಿಲ್ಲ. ಎಂಟಕ್ಕೆ ವಿರಾಮ. ಕೆಳಗಿನ ಬಂಡಿಯಿಂದ ಮಂಡಾಳ ಒಗ್ಗರಣಿ, ಮಿರ್ಚಿ, ಚಹಾ ಬಂತು. ಗವಾಯಿಗಳು ಮಿರ್ಚಿ ಮುಟ್ಟಲಿಲ್ಲ, ಬಿಸಿನೀರು ಕುಡಿದರು.

ಒಂಬತ್ತರ ಹೊತ್ತಿಗೆ ತಂಬೂರಿಯ ಮೊದಲ ತಂತಿಯನ್ನು ಪಂಚಮದಿಂದ ಮಧ್ಯಮಕ್ಕೆ ಇಳಿಸಿದರು. ಅದನ್ನು ಕೇಳಿದ ಕೂಡಲೇ ಢೋಲಕ್ಕಿನ ಯುವಕ “ಮಾಲಕಂಸ್” ಎಂದು ಪಿಸುಗುಟ್ಟಿದ. ಸರಿಯಿತ್ತು. ಆ ರಾಗದಲ್ಲಿ ರಿಷಭವೂ ಇಲ್ಲ, ಪಂಚಮವೂ ಇಲ್ಲ, ಐದೇ ಸ್ವರ. ಅದರ ಬಗ್ಗೆ ಬರೆಯಲು ಹೋಗುವುದಿಲ್ಲ. ದೂರದಲ್ಲಿ ಸ್ಟೇಷನ್ನಿಗೆ ಒಂದು ಗಾಡಿ ಬಂತು, ನಿಂತಿತು, ಹೋಯಿತು. ಅದು ಹೋಗುವವರೆಗೆ ಅವರು ಮಧ್ಯಮದ ಮೇಲೆ ಕಾಯುತ್ತಾ ನಿಂತಿದ್ದರು.

ಆಮೇಲೆ ಫರ್ಮಾಯಿಷ್. ಮಾನ್ವಿ ಕಡೆಯ ಬ್ಯಾಗವಾಟದ ಜಗನ್ನಾಥದಾಸರ ಒಂದು ಪದ ಅಕ್ಕೋರು ಕೇಳಿದರು, ಹಾಡಿದರು. ಆಟೋ ಡ್ರೈವರು ಒಂದು ವಚನ ಕೇಳಿದರು. ನಾನು ಹಿಂದಿನಿಂದ, ಕೇಳಬೇಕೋ ಬೇಡವೋ ಎಂದು ಎಷ್ಟೋ ಹೊತ್ತು ತಡೆದು, ಆ ಅಜ್ಜನ ತತ್ವಪದದ ಹೆಸರು ಹೇಳಿದೆ.

“ಅದು ನನಗ ಬರಂಗಿಲ್ರಿ. ಸಾಲು ಗೊತ್ತಿದ್ರ ಹೇಳ್ರಿ, ಕಲಿತೀನಿ” ಅಂದರು ಗವಾಯಿಗಳು.

ಹೇಳಿದೆ. ಹಾಡಲಿಲ್ಲ, ಬರೀ ಹೇಳಿದೆ, ಪಲ್ಲವಿ ಮತ್ತು ಒಂದು ನುಡಿ. ಇನ್ನೊಮ್ಮೆ ಹೇಳಿಸಿದರು. ತಬಲಾಕ್ಕೆ ಬೇಡವೆಂದು ಕೈ ತೋರಿ, ತಂಬೂರಿಯ ಮೇಲೆ ಸಣ್ಣ ದನಿಯಲ್ಲಿ ಎತ್ತಿಕೊಂಡರು. ಅಜ್ಜನ ಧಾಟಿ ಬೇರೆ ಇತ್ತು, ಇದು ಬೇರೆ. ಒಂದು ಮಾತಿನಲ್ಲಿ ನಾನು ಹೇಳುವಾಗಲೇ ತಪ್ಪಿದ್ದೆ, ಅದೂ ಹಾಗೇ ಉಳಿಯಿತು. ಪಲ್ಲವಿ ಎರಡನೇ ಸಲ ಬಂದಾಗ ಮುಂದಿನ ಸಾಲಿನ ಮೂರ್ನಾಲ್ಕು ಮಂದಿ ಕೂಡಿದರು. ನನ್ನ ಹುಡುಗ ನನ್ನ ಕಡೆ ತಿರುಗಿ ನೋಡಿ, ಮತ್ತೆ ಮುಂದೆ ನೋಡಿದ.

ಭೈರವಿ ಹಾಡಿ ಮುಗಿಸುವಾಗ ಹತ್ತೂ ಇಪ್ಪತ್ತು. ಹತ್ತು ಗಂಟೆ ಎಂದರೆ ನನಗೆ ಎದೆ ಹೊಡೆದುಕೊಳ್ಳುವ ಹೊತ್ತು. 2000ನೇ ಇಸವಿಯ ಶಬ್ದಮಾಲಿನ್ಯ ನಿಯಮದಂತೆ ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ ಬಯಲಿನಲ್ಲಿ ಸಾಮಾನ್ಯವಾಗಿ ಧ್ವನಿವರ್ಧಕ ಹಚ್ಚುವಂತಿಲ್ಲ. ನಡೆಸುವವರು ಇನ್ನೊಂದೇ ಹಾಡು ಅನ್ನುತ್ತಾರೆ, ಪೊಲೀಸರು ಆರಿಸು ಅನ್ನುತ್ತಾರೆ, ನಡುವೆ ನಾನು. ಆ ದಿನ ಗಡಿಯಾರ ನೋಡಿದ್ದು ಮೆಟ್ಟಿಲು ಇಳಿದ ಮೇಲೆಯೇ.

ಇಳಿಯುವ ಮುಂಚೆ ಅಕ್ಕೋರು ಚರಿಗೆಯ ಬದಿಯಿಂದ ಒಂದು ಲಕೋಟೆ ಎತ್ತಿ ಕೊಡಲು ಬಂದರು. “ಸೆಟ್ ತಂದಿದ್ದಿ, ಹೊತ್ಕೊಂಡು ಬಂದಿ, ಬಾಡಿಗಿ ತಗೋ.”

“ಪೆಟ್ಟಿಗಿನೇ ಬಿಚ್ಚಿಲ್ರಿ” ಅಂದೆ. “ಮಂಗಳವಾರ ಅಂಗಡಿ ಬಿಡುವೈತಿ. ಫ್ಯಾನಿಗೆ ಬರ್ತೀನಿ.”

ಮಂಗಳವಾರ ಹೋದೆ. ನಾಲ್ಕು ಹಂತದ, ಕೆಪ್ಯಾಸಿಟರ್ ಇರುವ ರೆಗ್ಯುಲೇಟರು ಒಯ್ದಿದ್ದೆ. ಅದು ಕರೆಂಟಿಗೆ ಕತ್ತರಿ ಹಾಕುವುದಿಲ್ಲ, ಹಾಗಾಗಿ ಆ ಗುಂಯ್ ಹುಟ್ಟುವುದಿಲ್ಲ. ಫ್ಯಾನು ಇಳಿಸಿ ಬಿಚ್ಚಿದರೆ ಎರಡೂ ಬೇರಿಂಗು ಸವೆದಿದ್ದವು, ಅವನ್ನೂ ಬದಲಿಸಿದೆ. ರೆಕ್ಕೆಗಳ ಮೇಲಿನ ಧೂಳು ಒರೆಸಿದೆ. ಒಂದು ರೆಕ್ಕೆ ಕಾಲು ಇಂಚು ಕೆಳಗೆ ಬಾಗಿತ್ತು, ಅಳೆದು ಸಮ ಮಾಡಿದೆ. ಹುಡುಗ ಏಣಿ ಹಿಡಿದಿದ್ದ. ಮೇಲೆ ಹಾಕಿ ಎರಡನೇ ಹಂತಕ್ಕೆ ಇಟ್ಟು ಹಚ್ಚಿದೆ, ಆಪ್ ತೆಗೆದೆ. 100ರ ಕಂಬ ಇರಲಿಲ್ಲ. ಗಾಳಿಯ ಮೆಲ್ಲನೆ ಸುಯ್ ಮಾತ್ರ.

ಅಕ್ಕೋರು ಮೂಲೆಯಲ್ಲಿದ್ದ ತಂಬೂರಿಯ ಗವಸಣಿಗೆ ಬಿಚ್ಚಿ, ಗೋಡೆಗೆ ಒರಗಿ ಕೂತು, ಮೊದಲ ತಂತಿಯನ್ನು ಪಂಚಮಕ್ಕೆ ಏರಿಸಿ ಮೀಟಿದರು. ಕಣ್ಣು ಮುಚ್ಚಿ ಕೇಳಿದರು. ಇನ್ನೊಮ್ಮೆ ಮೀಟಿದರು. ನಾನು ಏಣಿಯ ಮೇಲೇ ನಿಂತಿದ್ದೆ.

“ಇಳಿದು ಬಾ, ಕುಂದರು” ಅಂದರು.